ಮೇಷ್ಟ್ರ ಮೊದಲ ನೋಟ

“ಆ ಹೆಬ್ಬೆರಳು ಅಲ್ಲೇ ಇರ್ಲಿ. ಒತ್ತಿದ್ರೆ ನಾನು ಎದ್ದು ಹೋಗ್ತೀನಿ,” ಅಂದಳು ಚಿಕ್ಕಮ್ಮ.

ಎದ್ದು ಹೋಗುತ್ತೇನೆ ಅಂದವಳು ಕೂತೇ ಇರಲಿಲ್ಲ ಅನ್ನುವುದು ಬೇರೆ ಮಾತು. ಬಂದಾಗಿನಿಂದ ಅವಳು ಕನ್ನಡಕದ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಲೇ ಇದ್ದಳು, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ. ಗಾಜಿನ ಮೇಜಿನ ಹಿಂದೆ ಅಂಗಡಿಯವನು ಫೋನ್ ಹಿಡಿದು ನಿಂತಿದ್ದ. ಅವನ ಹೆಬ್ಬೆರಳು ‘ಡಿಲೀಟ್’ ಎಂಬ ಕೆಂಪು ಅಕ್ಷರಗಳ ಮೇಲೆ, ಕೂದಲೆಳೆಯಷ್ಟು ಎತ್ತರದಲ್ಲಿ, ಮುಟ್ಟಲೋ ಬೇಡವೋ ಎಂದು ನಿಂತಿತ್ತು.

ಫೋನಿನಲ್ಲಿದ್ದದ್ದು ಒಂದು ಫೋಟೋ. ನಿನ್ನೆಯಷ್ಟೇ ಊರೆಲ್ಲ ಸೇರಿ ಮಣ್ಣು ಮಾಡಿ ಬಂದ ಡ್ರಾಯಿಂಗ್ ಮೇಷ್ಟ್ರು, ಇವತ್ತು ಬೆಳಿಗ್ಗೆ ಅಂಗಡಿಯ ಪೇಜಿನಲ್ಲಿ ಹೊಸ ಕನ್ನಡಕ ಹಾಕಿಕೊಂಡು ಬಾಯ್ತುಂಬ ನಗುತ್ತ ಪ್ರತ್ಯಕ್ಷರಾಗಿದ್ದರು. ಕೆಳಗಿನ ಒಕ್ಕಣೆ ಹೀಗಿತ್ತು: ‘ಮೊದಲ ನೋಟ! ಇನ್ಮುಂದೆ ಮೊಬೈಲೂ ಕ್ಲಿಯರ್, ಮೆಟ್ಟಿಲೂ ಕ್ಲಿಯರ್!’

ಮೇಷ್ಟ್ರು ಸತ್ತದ್ದು ಮನೆಯ ಮೆಟ್ಟಿಲಿಂದ ಬಿದ್ದು.

ಇದಕ್ಕಿಂತ ಕೆಟ್ಟ ಒಕ್ಕಣೆಯನ್ನು ಕಡುವೈರಿ ಕೂಡ ಕೂತು ಬರೆಯಲಾರ. ಊರಿಗೆ ಊರೇ ಅಂಗಡಿಯ ಮೇಲೆ ಎಗರಿಬಿದ್ದಿತ್ತು. ಅಂಗಡಿಯವನ ಫೋನು, ಚಿಕ್ಕಮ್ಮನ ಫೋನು, ಮೇಜಿನ ಮೇಲಿದ್ದ ಅಂಗಡಿಯ ಫೋನು, ಮೂರೂ ಒಂದಾದ ಮೇಲೊಂದು ಗುರ್ ಅನ್ನುತ್ತಿದ್ದವು. ಒಂದು ಸುಮ್ಮನಾದರೆ ಇನ್ನೊಂದಕ್ಕೆ ಜೀವ ಬರುತ್ತಿತ್ತು.

“ಅಳಿಸಿ ಕೈ ತೊಳ್ಕೋತೀನಿ ಚಿಕ್ಕಮ್ಮ. ಇಷ್ಟು ಹೊತ್ತು ಇಟ್ಕೊಂಡಿದ್ದೇ ಹೆಚ್ಚು,” ಅಂದ ಅಂಗಡಿಯವನು.

“ಊರಲ್ಲಿ ಅರ್ಧ ಜನರ ಫೋನಲ್ಲಿ ಇದು ಆಗ್ಲೇ ಸೇರ್ಕೊಂಡಿದೆ. ನೀವು ಅಳಿಸಿದ ತಕ್ಷಣ, ನೋಡಿ ಬಾಲ ಮುದುರ್ಕೊಂಡ ಅಂತಾರೆ. ಮೊದಲು ಕ್ಷಮೆ ಕೇಳೋದು, ಆಮೇಲೆ ತೆಗೆಯೋದು. ಮೈಮೇಲೆ ಸಾರು ಚೆಲ್ಲಿದವನು ಕ್ಷಮಿಸಿ ಅನ್ನದೆ ಮೊದಲು ತಟ್ಟೆ ಬಚ್ಚಿಡ್ತಾನಾ?”

ಅವನು ಫೋನನ್ನು ಮಗುಚಿ ಮೇಜಿನ ಮೇಲಿಟ್ಟ. ಇಟ್ಟ ರೀತಿಯಲ್ಲೇ ಅವನಿಗೆ ಈ ಹೆಂಗಸು ಬಂದದ್ದು ಹಿಡಿಸಿಲ್ಲ ಅನ್ನುವುದು ಗೊತ್ತಾಗುತ್ತಿತ್ತು.

ಹಿಡಿಸದಿದ್ದರೇನು, ಕರೆಸಿದ್ದು ಅವನಲ್ಲ, ಅವನ ತಂಗಿ. ವ್ಯಾಪಾರಿಗಳ ಪೇಜುಗಳಿಗೆ ರೋಗ ಬಂದಾಗ ನೆನಪಾಗುವ ಹೆಸರು ಚಿಕ್ಕಮ್ಮನದು. ಹಿಂದೆ ಅಂಗಡಿಗಳಿಗೆ ಜಾಹೀರಾತು ಬರೆದುಕೊಡುತ್ತಿದ್ದವಳು, ಅಕ್ಕನ ಮಗನ ಚಪ್ಪಲಿ ಅಂಗಡಿಗೆ ಬೀಳುತ್ತಿದ್ದ ಸುಳ್ಳು ದೂರುಗಳ ಬೆನ್ನು ಹತ್ತಿ, ಕೊನೆಗೆ ಅವನ ಸ್ವಂತ ಭಾವಮೈದುನನನ್ನೇ ಹಿಡಿದುಕೊಟ್ಟಳು. ಅಂದಿನಿಂದ ಅವನಿಗೆ ಮಾತ್ರವಲ್ಲ, ಇಡೀ ಬಜಾರಿಗೇ ಅವಳು ಚಿಕ್ಕಮ್ಮ. ಆ ಭಾವಮೈದುನನಿಗೂ ಅವಳು ಚಿಕ್ಕಮ್ಮನೇ, ಎದುರಿಗೆ ಬಂದರೆ ರಸ್ತೆ ದಾಟುತ್ತಾನೆ ಅಷ್ಟೆ.

ಪರದೆ ಸರಿಸಿ ಅವಳು ಹಿಂದಿನ ಕೋಣೆಗೆ ಹೋದಳು.

ಅಲ್ಲಿ ಲೆನ್ಸು ಉಜ್ಜುವ ಯಂತ್ರ, ಒಂದು ಮೇಜು, ಹಳೇ ಕಂಪ್ಯೂಟರು, ಅದರ ಮುಂದೆ ತಂಗಿ. ಬೆಳಿಗ್ಗೆಯಿಂದ ಅತ್ತು ಅತ್ತು ಮೂಗು ಕೆಂಪಾಗಿತ್ತು. ಮದುವೆ ಮುರಿದು ಒಂದೇ ಸೂಟ್‌ಕೇಸಿನೊಂದಿಗೆ ಅಣ್ಣನ ಮನೆಗೆ ಬಂದವಳು ಅವಳು. ಅತ್ತಿಗೆಯ ಮನೆಯಲ್ಲಿ ನೀರು ಕುಡಿಯಲೂ ಎರಡು ಸಲ ಯೋಚಿಸುವ ಹೆಣ್ಣುಮಗಳಿಗೆ ನನ್ನದು ಅಂತ ಇದ್ದದ್ದು ಈ ಪೇಜು ಒಂದೇ. ಇವತ್ತು ಬೆಳಿಗ್ಗೆ ಅಣ್ಣ ಗಿರಾಕಿಗಳ ಎದುರಿಗೇ ಹೇಳಿಬಿಟ್ಟಿದ್ದ: ಸಂಜೆಯೊಳಗೆ ಈ ಬೆಂಕಿ ಆರದಿದ್ದರೆ ಬೇರೆ ಕೆಲಸ ನೋಡಿಕೋ, ಬೇರೆ ಮನೆಯನ್ನೂ ನೋಡಿಕೋ ಅಂತ. ಅವಳಿಗೆ ನೋಡಿಕೊಳ್ಳಲು ಬೇರೆ ಮನೆ ಇರಲಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು.

ಕನಿಕರ ಒಂದು ಕಡೆ, ಕೆಲಸ ಒಂದು ಕಡೆ. ಚಿಕ್ಕಮ್ಮ ಒಂದೊಂದಾಗಿ ಕೇಳುತ್ತ ಹೋದಳು, ಕೇಳಿದ ಹಾಗೆಲ್ಲ ಅವಳ ಓಡಾಟ ಜೋರಾಯಿತು.

ಹೊಸ ಕನ್ನಡಕ ಹಾಕಿಕೊಂಡ ಗಿರಾಕಿ ಮೊದಲ ಸಲ ಕನ್ನಡಿ ನೋಡಿಕೊಳ್ಳುವಾಗ ಪಕ್ಕದಿಂದ ಒಂದು ಫೋಟೋ ತೆಗೆಯುವುದು ಈ ಅಂಗಡಿಯ ಪದ್ಧತಿ. ಅದಕ್ಕೇ ‘ಮೊದಲ ನೋಟ’ ಅಂತ ಹೆಸರು. ಒಳ್ಳೆಯ ಉಪಾಯವೇ. ಆದರೆ ಪೇಜಿಗೆ ಹಾಕಬಹುದೇ ಅಂತ ಯಾರನ್ನೂ ಕೇಳಿದವಳಲ್ಲ ಈ ಹುಡುಗಿ. ಸಾಲದ್ದಕ್ಕೆ ತಿಂಗಳಿಗೆ ಒಂದು ದಿನ ಕೂತು, ಮುಂದಿನ ಮೂವತ್ತೂ ದಿನದ ಪೋಸ್ಟುಗಳನ್ನು ಸಾಲಾಗಿ ಜೋಡಿಸಿ, ತಾವಾಗಿಯೇ ಹೋಗುವ ಹಾಗೆ ಸಮಯ ಕಟ್ಟಿಡುತ್ತಿದ್ದಳು. ಮಧ್ಯೆ ಒಂದೆರಡು ಹೊಸ ಮುಖ ಬಂದರೆ ಸಾಲಿನಲ್ಲಿ ತೂರಿಸುವುದು. ಮೇಷ್ಟ್ರನ್ನೂ ಹಾಗೆಯೇ ತೂರಿಸಿದ್ದಳು.

ಆಮೇಲೆ ಮೇಷ್ಟ್ರು ಹೋದರು. ಅವರ ಕೈಯಲ್ಲೇ ಚಿತ್ರ ಕಲಿತವಳು ಇವಳು, ನಿನ್ನೆ ಎಲ್ಲರಿಗಿಂತ ಹೆಚ್ಚು ಅತ್ತವಳೂ ಇವಳೇ. ನಾಳೆಯ ಸರದಿಯಲ್ಲಿ ಅವರೇ ನಗುತ್ತ ನಿಂತಿದ್ದಾರೆ ಅನ್ನುವುದು ತಲೆಗೆ ಹೊಳೆದಿರಲೇ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಊರು ಒಂದು ಕ್ಷಮೆಗೆ ಕರಗುತ್ತಿತ್ತೇನೋ. ಗಾಬರಿಗೆ ಬಿದ್ದ ಹುಡುಗಿ ಬೈದವರ ಕಾಮೆಂಟುಗಳನ್ನು ಅಳಿಸಲು ಶುರುಮಾಡಿದಳು. ಒಂದು ಅಳಿಸಿದರೆ ಹತ್ತು ಬಂದವು. ಆ ಗದ್ದಲದಲ್ಲಿ, ತಾನಾಗಿಯೇ ಉತ್ತರ ಕೊಡುವ ವ್ಯವಸ್ಥೆಯನ್ನು ನಿಲ್ಲಿಸುವುದು ಮರೆತಳು. ‘ಮೇಷ್ಟ್ರೇ, ನಿಮ್ಮನ್ನು ಮರೆಯೋದು ಹೇಗೆ?’ ಅಂತ ಹಳೇ ವಿದ್ಯಾರ್ಥಿನಿ ಒಬ್ಬಳು ಬರೆದರೆ, ಅಂಗಡಿ ನಗುಮುಖದ ಚಿತ್ರ ಹಾಕಿ ಉತ್ತರಿಸಿತ್ತು: ‘ನಿಮ್ಮ ಪ್ರೀತಿಗೆ ಧನ್ಯವಾದ! ಮನೆಯವರನ್ನೂ ಕರೆತನ್ನಿ, ಎರಡನೇ ಜೋಡಿ ಅರ್ಧ ಬೆಲೆಗೆ!’

“ಇದೇನಿದು, ಯಾವ್ಯಾವುದೋ ದೇಶದವರೆಲ್ಲ ಮೇಷ್ಟ್ರ ಫೋಟೋ ಕೆಳಗೆ ಬೆಂಕಿ ಚಿತ್ರ ಹಾಕಿದ್ದಾರೆ?” ಅಂತ ಕೇಳಿದಳು ಚಿಕ್ಕಮ್ಮ.

ತಂಗಿ ತಲೆ ತಗ್ಗಿಸಿದಳು. ಅವರು ದುಡ್ಡು ಕೊಟ್ಟು ಕೊಂಡ ಹಿಂಬಾಲಕರು. ಯಾವ ಪೋಸ್ಟು ಬಂದರೂ ಬೆಂಕಿ, ಚಪ್ಪಾಳೆ, ಹೃದಯ ಹಾಕುವುದು ಅವರ ಕರ್ತವ್ಯ. ಸತ್ತವರು, ಬದುಕಿದವರು ಅನ್ನುವ ಭೇದ ಅವರಿಗಿಲ್ಲ.

“ಭೇಷ್. ಇನ್ನು ಮಾಡೋಕೆ ತಪ್ಪು ಯಾವುದಾದ್ರೂ ಉಳಿದಿದ್ರೆ ಹೇಳಮ್ಮ, ಇಬ್ಬರೂ ಸೇರಿ ಮಾಡೋಣ.”

ಹುಡುಗಿ ಮತ್ತೆ ಅಳುವ ಹಾಗಾದಾಗ ಚಿಕ್ಕಮ್ಮನಿಗೆ ನಾಲಿಗೆ ಉದ್ದವಾಯಿತು ಅನ್ನಿಸಿತು. ತಲೆ ಸವರಿ, ಊರು ಕೊಳ್ಳೆ ಹೋದ ಮೇಲಾದರೂ ಕೋಟೆ ಬಾಗಿಲು ಹಾಕೋಣ ಅಂದಳು. ಸರದಿಯಲ್ಲಿದ್ದ ಪೋಸ್ಟುಗಳನ್ನೆಲ್ಲ ನಿಲ್ಲಿಸಿದರು. ಯಾಂತ್ರಿಕ ಉತ್ತರದ ಬಾಯಿ ಮುಚ್ಚಿಸಿದರು. ಇನ್ನು ಯಾರ ಬೈಗುಳವನ್ನೂ ಅಳಿಸಕೂಡದು, ಬೈದವರಿಗೆ ಅವರವರ ಮಾತಿಗೆ ತಕ್ಕ ಹಾಗೆ, ಮನುಷ್ಯರ ಹಾಗೆ ಉತ್ತರಿಸಬೇಕು ಅಂತ ಅಪ್ಪಣೆಯಾಯಿತು. ಉಳಿದದ್ದು ಕ್ಷಮಾಪಣೆ ಬರೆಯುವುದು.

“ಅದನ್ನ ಬರೆದು ಕಳಿಸಿದ್ದಾರೆ,” ಅಂದಳು ತಂಗಿ.

“ಯಾರು?”

“ಮೇಷ್ಟ್ರ ಅಳಿಯ. ಟೈಲ್ಸ್ ಅಂಗಡಿ ಇಟ್ಟಿದ್ದಾರಲ್ಲ, ಅವರು. ಇದನ್ನ ಹಾಕಿದ್ರೆ ಪೊಲೀಸ್ ಕಂಪ್ಲೇಂಟು ಕೊಡಲ್ಲವಂತೆ.”

ಚಿಕ್ಕಮ್ಮ ಓದಿದಳು. ‘ನಮ್ಮ ಅಂಗಡಿಯಿಂದ, ಬಹಳ ಹಿಂದೆ ತೆಗೆದಿದ್ದ ಹಳೆಯ ಫೋಟೋ ಒಂದನ್ನು ಕಣ್ತಪ್ಪಿನಿಂದ ಹಾಕಲಾಗಿದೆ. ಮೇಷ್ಟ್ರು ಇತ್ತೀಚೆಗೆ ನಮ್ಮಲ್ಲಿ ಯಾವುದೇ ಕನ್ನಡಕ ಪಡೆದಿರಲಿಲ್ಲ. ಕುಟುಂಬಕ್ಕಾದ ನೋವಿಗೆ ವಿಷಾದಿಸುತ್ತೇವೆ.’

ಅವಳ ಕಾಲು ಮೊದಲ ಬಾರಿಗೆ ನಿಂತಿತು.

ಮಾವನನ್ನು ಕಳೆದುಕೊಂಡವನಿಗೆ ಸಿಟ್ಟು ಬರಲಿ, ಬೈಯಲಿ, ಕ್ಷಮೆ ಕೇಳಿ ಅನ್ನಲಿ. ಅದು ನ್ಯಾಯ. ಆದರೆ ಫೋಟೋ ಹಳೆಯದೋ ಹೊಸದೋ ಅನ್ನುವುದನ್ನು ಕಟ್ಟಿಕೊಂಡು ಅವನಿಗೇನಾಗಬೇಕು? ದುಃಖದ ಮನೆಯಲ್ಲಿ ಕೂತು ಇಷ್ಟು ಅಚ್ಚುಕಟ್ಟಾಗಿ ಬರೆಯುವ ಕೈ ಯಾರದು?

“ಈ ಫೋಟೋ ಯಾವಾಗ ತೆಗೆದಿದ್ದು?”

ತಂಗಿ ಬಾಗಿಲ ಪರದೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅವರು ಬೀಳೋ ಹಿಂದಿನ ದಿನ.”

“ಆಗ ಅಂಗಡೀಲಿ ಯಾರಿದ್ರು?”

“ನಾನೊಬ್ಬಳೇ. ಅಣ್ಣ ಲೆನ್ಸ್ ತರೋಕೆ ಹೋಗಿದ್ದ.”

ಉಳಿದದ್ದನ್ನು ಅವಳು ತಡವರಿಸುತ್ತ ಹೇಳಿದಳು. ಮೇಷ್ಟ್ರು ಬಿದ್ದ ದಿನ ಪೊಲೀಸರು ಇಲ್ಲಿಗೂ ಬಂದಿದ್ದರು. ಮೇಷ್ಟ್ರ ಪಕ್ಕದಲ್ಲಿ ಹಳೇ ಕನ್ನಡಕ ಚೂರುಚೂರಾಗಿ ಬಿದ್ದಿತ್ತಂತೆ. ಹೊಸದು ಕೊಟ್ಟಿದ್ದೀರಾ ಅಂತ ಕೇಳಿದ್ದಕ್ಕೆ ಅಣ್ಣ, ಇಲ್ಲ, ಇನ್ನೂ ತಯಾರಾಗಿಲ್ಲ ಅಂದಿದ್ದ. ಹಳೇ ಕನ್ನಡಕ, ಮಸುಕು ಕಣ್ಣು, ತಪ್ಪಿದ ಹೆಜ್ಜೆ, ಆಕಸ್ಮಿಕ ಸಾವು ಅಂತ ಬರೆದುಕೊಂಡು ಪೊಲೀಸರು ಹೋಗಿದ್ದರು.

ನಾನು ಕೊಟ್ಟದ್ದು ಅಣ್ಣನಿಗೆ ಗೊತ್ತಿರಲಿಲ್ಲ ಚಿಕ್ಕಮ್ಮ, ಅಂತ ಸೇರಿಸಿದಳು ಹುಡುಗಿ, ಯಾರೂ ಕೇಳದಿದ್ದರೂ.

“ಹಾಗಾದ್ರೆ ಹೊಸ ಕನ್ನಡಕ ಎಲ್ಲಿ ಹೋಯ್ತು?”

“ಗೊತ್ತಿಲ್ಲ,” ಅಂದಳು ತಂಗಿ. ಅಸಲು ಫೋಟೋ ಕೊಡು, ತೆಗೆದ ದಿನ ಅದರಲ್ಲೇ ದಾಖಲಾಗಿರುತ್ತದೆ ಅಂದರೆ ಅದು ಇರಲಿಲ್ಲ. ಫೋನು ತುಂಬಿತು ಅಂತ ಪೇಜಿಗೆ ಜೋಡಿಸಿದ ಮೇಲೆ ಅಸಲುಗಳನ್ನೆಲ್ಲ ಅಳಿಸಿಬಿಡುವುದು ಅವಳ ಅಭ್ಯಾಸ. ಚಿಕ್ಕಮ್ಮ ಹಣೆ ಚಚ್ಚಿಕೊಳ್ಳಲು ಎತ್ತಿದ ಕೈಯನ್ನು ಅರ್ಧದಲ್ಲೇ ಇಳಿಸಿ, ಪೇಜಿನ ಫೋಟೋವನ್ನೇ ಹಿಗ್ಗಿಸಿ ನೋಡತೊಡಗಿದಳು. ಮುಖ, ಕನ್ನಡಕ, ಎದೆ, ಮಡಚಿದ ಎಡಗೈ. ಅಂಗಿಯ ತೋಳಿನ ಅಂಚಿನಲ್ಲಿ ಅವಳ ಬೆರಳು ನಿಂತುಕೊಂಡಿತು.

ಅಷ್ಟರಲ್ಲಿ ಮುಂದಿನ ಗಾಜಿನ ಬಾಗಿಲು ತೆರೆದ ಸದ್ದಾಯಿತು.

ಮೇಷ್ಟ್ರ ಅಳಿಯ ನಿದ್ದೆಗೆಟ್ಟ ಕಣ್ಣಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಕೂಗಾಡುತ್ತ ಬರುತ್ತಾನೆ ಅಂದುಕೊಂಡಿದ್ದ ಚಿಕ್ಕಮ್ಮನಿಗೆ ಅವನ ಸಣ್ಣ ದನಿ ಕೇಳಿ ಇನ್ನೂ ಕಸಿವಿಸಿಯಾಯಿತು. ಕೂಗುವವರ ಜೊತೆ ಮಾತಾಡುವುದು ಸುಲಭ. ಅವಳು ಮೊದಲು ಮನಸ್ಸಿನಿಂದಲೇ ಕ್ಷಮೆ ಕೇಳಿದಳು. ಆ ಒಕ್ಕಣೆ ಯಾವ ಮನೆಯವರೂ ಓದಬಾರದ ಒಕ್ಕಣೆ, ಇಲ್ಲಿ ಆದ ತಪ್ಪಿಗೆ ಸಮಜಾಯಿಷಿ ಇಲ್ಲ ಅಂದಳು. ಅವನು ತಲೆಯಾಡಿಸಿದ. ನಾನು ಕಳಿಸಿದ್ದನ್ನು ಯಾಕೆ ಇನ್ನೂ ಹಾಕಿಲ್ಲ ಅಂತ ಕೇಳಿದ.

“ಹಾಕ್ತೀವಿ. ಒಂದೇ ಒಂದು ಅನುಮಾನ. ಹಳೇ ಫೋಟೋ ಅಂತ ಬರೆದಿದ್ದೀರಿ. ನಾಳೆ ಅದು ಸುಳ್ಳು ಅಂತಾದ್ರೆ ಜನ ಮತ್ತೆ ಇವರ ಮೇಲೇ ಬೀಳ್ತಾರಲ್ಲ?”

“ಸುಳ್ಳು ಹೇಗಾಗುತ್ತೆ ಮೇಡಂ? ನಾನು ಈ ಅಂಗಡಿ ಒಳಗೆ ಕಾಲಿಟ್ಟಿರೋದೇ ಇವತ್ತು. ಆದ್ರೆ ಒಂದೇ ಮನೇಲಿ ಇದ್ದವನಿಗೆ ಮಾವನವರ ಮುಖದ ಮೇಲೆ ಯಾವ ಕನ್ನಡಕ ಇತ್ತು ಅಂತ ಗೊತ್ತಿರಲ್ವಾ? ಹೊಸದು ಸಿಕ್ಕಿದ್ರೆ ಅವರು ಬೀಳ್ತಾನೇ ಇರ್ಲಿಲ್ಲ.”

“ಕಣ್ಣು ಅಷ್ಟೊಂದು ಮಂಜಾಗಿತ್ತಾ ಪಾಪ?”

ಇಂಥ ಕಡೆ ಚಿಕ್ಕಮ್ಮನ ಮುಖದಲ್ಲಿ ಬರುವ ಮರುಕ ನಿಜವೋ ನಟನೆಯೋ ಅನ್ನುವುದು ಅವಳ ಅಕ್ಕನಿಗೂ ಇವತ್ತಿನವರೆಗೆ ಗೊತ್ತಾಗಿಲ್ಲ. ಅಳಿಯ ಉಸಿರೆಳೆದುಕೊಂಡ. ಹೋದ ವಾರವೇ ಒಂದು ಸಲ ಅಂಗಳದಲ್ಲಿ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು ಅಂದ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದವನು ತಾನೇ. ಜನ್ಮದಲ್ಲಿ ಅದಕ್ಕೆ ಮೊದಲು ಅವರ ಮೂಳೆ ಮುರಿದದ್ದಿಲ್ಲ.

“ಅದರ ಮೇಲೂ ಚಿತ್ರ ಬರೆದ್ರು, ಮನೆಗೆ ಬಂದ ಸಂಜೇನೇ,” ಅಂದ ಅಳಿಯ. ಅವನ ದನಿ ನಿಜವಾಗಿಯೂ ಒಡೆಯಿತು. “ಹಸಿರು ಗಿಳಿ. ಕೈ ಮುರಿದ್ರೆ ಬೇರೆಯವರು ಅಳ್ತಾರೆ, ಇವರಿಗೆ ಬಿಳೀ ಹಾಳೆ ಸಿಕ್ಕಿದ ಖುಷಿ.”

ಆ ಕ್ಷಣ ಚಿಕ್ಕಮ್ಮನಿಗೆ ಕಂಡೇ ಇರದ ಆ ಮೇಷ್ಟ್ರ ಮೇಲೆ ಪ್ರೀತಿ ಉಕ್ಕಿ ಬಂತು. ಆದರೆ ಪ್ರೀತಿ ಬಂತೆಂದು ಕೈ ಸುಮ್ಮನಿರಲಿಲ್ಲ. ಹಿಗ್ಗಿಸಿದ ಫೋಟೋವನ್ನು ಅವನ ಮುಂದೆ ಹಿಡಿಯಿತು.

“ಈ ತೋಳಿನ ಅಂಚು ನೋಡಿ. ಇದು ಏನು?”

“ಅಂಗಿ. ಒಳಗಿನ ಬಿಳೀ ಬಟ್ಟೆ.”

“ನಾನೂ ಬಟ್ಟೆ ಅಂತಲೇ ಅಂದ್ಕೊಂಡಿದ್ದೆ. ಆದ್ರೆ ಅದರ ಮೇಲೆ ಹಸಿರು ಬಾಲ ಇದೆಯಲ್ಲ.”

ಅಳಿಯ ಬಗ್ಗಿ ನೋಡಿದ. ಫೋನುಗಳು ಗುರುಗುಟ್ಟುತ್ತಲೇ ಇದ್ದವು. ಬಿಳಿಯ ಪ್ಲಾಸ್ಟರಿನ ಅಂಚು, ಅದರ ಮೇಲೆ ಎರಡು ಹಸಿರು ಗೆರೆ, ತುದಿಗೆ ಚೂರು ನೀಲಿ. ಹೋದ ವಾರ ಮುರಿದ ಕೈ ಹಳೇ ಫೋಟೋಕ್ಕೆ ಹೇಗೆ ಬರುತ್ತದೆ ಅಂತ ಚಿಕ್ಕಮ್ಮ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಅಳಿಯ ರೇಗಲಿಲ್ಲ, ಬೆವರಲಿಲ್ಲ. ಫೋಟೋ ಬಿಟ್ಟು ಕಣ್ಣೆತ್ತಿ ಅಂಗಡಿಯವನನ್ನು ನೋಡಿದ. ಗಿರಾಕಿ ಅಂಗಡಿಯವನನ್ನು ನೋಡುವ ನೋಟ ಅದಾಗಿರಲಿಲ್ಲ. ಒಪ್ಪಿಸಿದ ಕೆಲಸವನ್ನು ಒಬ್ಬ ಕೆಡಿಸಿಟ್ಟರೆ ಒಪ್ಪಿಸಿದವನು ನೋಡುತ್ತಾನಲ್ಲ, ಆ ನೋಟ.

“ನೀವು ಕೂತ್ಕೊಳ್ಳಿ, ಎಲ್ಲಾ ಸರಿ ಮಾಡೋಣ,” ಅಂತ ಅಂಗಡಿಯವನು ಅವಸರದಲ್ಲಿ ಬೆಂಚು ಒರೆಸಿದ. ಪಕ್ಕದ ಹೋಟೆಲಿಗೆ ಫೋನ್ ಮಾಡಿ ಎರಡು ಟೀ ಹೇಳಿದ. “ಒಂದಕ್ಕೆ ಸಕ್ಕರೆ ಹಾಕಬೇಡಿ,” ಅಂತಲೂ ಸೇರಿಸಿದ.

ಸಕ್ಕರೆ ಬೇಡ ಅಂತ ಯಾರೂ ಅಂದಿರಲಿಲ್ಲ. ಅಂಗಡಿಯವನು ಸ್ವಲ್ಪ ಹೊತ್ತಿನ ಹಿಂದೆ ಕುಡಿದದ್ದು ಪಾಕದಂಥ ಟೀ, ಲೋಟದ ತಳದಲ್ಲಿ ಸಕ್ಕರೆ ಇನ್ನೂ ಕರಗದೆ ಕೂತಿತ್ತು. ಹಾಗಾದರೆ ಇವತ್ತೇ ಮೊದಲ ಸಲ ಒಳಗೆ ಕಾಲಿಟ್ಟವನ ನಾಲಿಗೆಯ ರುಚಿ ಇವನಿಗೆ ಹೇಗೆ ಗೊತ್ತು?

ಚಿಕ್ಕಮ್ಮ ಏನೂ ಕೇಳಿಸಿಕೊಳ್ಳದವಳ ಹಾಗೆ, ಕ್ಷಮಾಪಣೆ ತಿದ್ದಿ ತರ್ತೀನಿ ಅಂತ ಹೇಳಿ ಪರದೆಯ ಹಿಂದಕ್ಕೆ ಸರಿದಳು. ಹುಡುಗಿಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ತಾನು ಕೈ ಹಾಕಿದ್ದು ಎಂಥ ಬಿಲಕ್ಕೆ ಅನ್ನುವುದು ಈಗ ಅರಿವಾಗತೊಡಗಿತ್ತು.

“ಇದುವರೆಗಿನ ಮೊದಲ ನೋಟಗಳನ್ನೆಲ್ಲ ಒಟ್ಟಿಗೆ ತೋರಿಸು.”

ತಂಗಿ ಕಂಪ್ಯೂಟರಿನಲ್ಲಿ ಸಾಲಾಗಿ ತೆರೆದಳು. ಅಜ್ಜಂದಿರು, ಕಾಲೇಜು ಹುಡುಗಿಯರು, ಒಬ್ಬ ಬಸ್ ಡ್ರೈವರು, ಎಲ್ಲರೂ ಕನ್ನಡಿಯ ಮುಂದೆ ಹಲ್ಲು ಬಿಟ್ಟುಕೊಂಡು. ಪ್ರತಿಯೊಂದರ ಮೇಲೂ ಅಂಗಡಿಯ ಗುರುತು, ಕನ್ನಡಕ ಹಾಕಿದ ಒಂದು ಗೂಬೆ. ವ್ಯಾಪಾರಕ್ಕೆ ಗೂಬೆಯನ್ನು ಕೂರಿಸಿಕೊಂಡವರನ್ನು ಇಲ್ಲೇ ನೋಡಿದ್ದು ಅಂತ ಬೇರೆ ಹೊತ್ತಿನಲ್ಲಾಗಿದ್ದರೆ ಚಿಕ್ಕಮ್ಮ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ. ಈಗ ಅವಳು ಆ ಗೂಬೆ ಕೂತ ಜಾಗವನ್ನು ನೋಡುತ್ತಿದ್ದಳು.

ಈ ಹುಡುಗಿ ನೂರು ತಪ್ಪು ಮಾಡಿರಬಹುದು, ಒಂದು ಪಾಠ ಮಾತ್ರ ಸರಿಯಾಗಿ ಕಲಿತಿದ್ದಳು. ಗುರುತು ಯಾವಾಗಲೂ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇರಬೇಕು. ಪ್ರತಿ ಫೋಟೋದಲ್ಲೂ ಗೂಬೆ ಕೆಳಗೆ ಎಡಮೂಲೆಯಲ್ಲಿ, ಲಿಂಬೆಹಣ್ಣಿನ ಗಾತ್ರಕ್ಕೆ ಕೂತಿತ್ತು. ಮೇಷ್ಟ್ರ ಫೋಟೋದಲ್ಲಿ ಮಾತ್ರ ಅದು ಮೇಲೆ ಬಲಕ್ಕೆ ಹಾರಿ, ಅರ್ಧ ಕನ್ನಡಿ ಮುಚ್ಚುವಷ್ಟು ಉಬ್ಬಿತ್ತು.

“ಇಲ್ಲಿ ಯಾಕೆ ಹೀಗೆ?”

“ಸುಮ್ನೆ. ಚೆನ್ನಾಗಿ ಕಾಣುತ್ತೆ ಅಂತ.”

“ಕನ್ನಡಿಯಲ್ಲಿ ಯಾರಿದ್ರು ಮಗಳೇ?”

ಹುಡುಗಿ ಮೌಸನ್ನು ಬಿಗಿಯಾಗಿ ಹಿಡಿದುಕೊಂಡಳು. ಪೇಜಿಗೆ ಹೋದ ಫೋಟೋದಲ್ಲಿ ಗೂಬೆ ಫೋಟೋದೊಂದಿಗೇ ಅಂಟಿಹೋಗಿತ್ತು, ಅದನ್ನು ಕೀಳಲು ಬರುವುದಿಲ್ಲ. ಆದರೆ ಪೋಸ್ಟು ತಯಾರಿಸುವ ಆ್ಯಪಿನಲ್ಲಿ ಕರಡು ಹಾಗೇ ಉಳಿದಿರುತ್ತದೆ, ಫೋಟೋ ಬೇರೆ, ಗೂಬೆ ಬೇರೆ. ಇದು ಇಬ್ಬರಿಗೂ ಗೊತ್ತಿತ್ತು. ಚಿಕ್ಕಮ್ಮ ಅವಳ ಕೈಯಿಂದ ಮೌಸು ತೆಗೆದುಕೊಂಡು ಕರಡು ತೆರೆದಳು. ಗೂಬೆಯನ್ನು ಹಿಡಿದು ಪಕ್ಕಕ್ಕೆ ಎಳೆದಳು.

ಕನ್ನಡಿಯಲ್ಲಿ ಮೇಷ್ಟ್ರ ಬೆನ್ನ ಹಿಂದಿನ ಬೆಂಚು ಕಾಣಿಸಿತು. ಬೆಂಚಿನ ಮೇಲೆ ಇಬ್ಬರು ಒತ್ತಾಗಿ ಕೂತಿದ್ದರು. ಒಬ್ಬ ಈ ಅಂಗಡಿಗೆ ಇವತ್ತೇ ಮೊದಲ ಸಲ ಬಂದ ಅಳಿಯ. ಇನ್ನೊಬ್ಬ ಲೆನ್ಸು ತರಲು ಹೋಗಿದ್ದ ಅಣ್ಣ. ಮೇಷ್ಟ್ರು ತಮ್ಮ ಹೊಸ ಮುಖವನ್ನು ನೋಡಿ ನಗುತ್ತಿರುವಾಗ ಅವರ ಬೆನ್ನ ಹಿಂದೆ ಅಣ್ಣ ಏನನ್ನೋ ಅಳಿಯನ ಕೈಗೆ ದಾಟಿಸುತ್ತಿದ್ದ. ಚಿಕ್ಕಮ್ಮ ಹಿಗ್ಗಿಸಿದಳು. ಅದು ಮೇಷ್ಟ್ರ ಹಳೇ ಕನ್ನಡಕ.

ಮರುದಿನ ಹೆಣದ ಪಕ್ಕದಲ್ಲಿ ಚೂರಾಗಿ ಬಿದ್ದಿದ್ದ ಕನ್ನಡಕ. ಹೊಸದು ಹಾಕಿಕೊಂಡು ಹೋದವರ ಪಕ್ಕಕ್ಕೆ ಅದನ್ನು ಯಾರೋ ತಂದು ಹಾಕಿದ್ದರು.

ಫೋಟೋ ತೆಗೆದುಕೊಳ್ಳಲು ಚಿಕ್ಕಮ್ಮ ತನ್ನ ಫೋನ್ ಎತ್ತಿ ಕಂಪ್ಯೂಟರಿಗೆ ಹಿಡಿದಳು. ತಂಗಿ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡಳು.

“ಬೇಡ ಚಿಕ್ಕಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ. ಅವತ್ತು ಅಣ್ಣ ಮನೇಲಿ ಲೆನ್ಸ್ ತರೋಕೆ ಹೋಗ್ತೀನಿ ಅಂದಿದ್ದ. ಅತ್ತಿಗೆ ಪ್ರತಿ ಪೋಸ್ಟೂ ನೋಡ್ತಾಳೆ. ಸುಳ್ಳು ಗೊತ್ತಾದ್ರೆ ಮನೇಲಿ ಜಗಳ ಅಂತ ಮುಚ್ಚಿದೆ, ಅಷ್ಟೇ. ನನಗೆ ಬೇರೇನೂ ಗೊತ್ತಿರ್ಲಿಲ್ಲ.”

“ಪೊಲೀಸರ ಹತ್ರ ಅವನು ಕನ್ನಡಕ ಕೊಟ್ಟಿಲ್ಲ ಅಂದಾಗ ನೀನು ಪಕ್ಕದಲ್ಲೇ ಇದ್ದೆಯಲ್ಲ.”

“ಇದ್ದೆ. ಯಾಕೆ ಹಾಗಂದೆ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ಅಣ್ಣ ಬಿಟ್ರೆ ನನಗೆ ಯಾರಿದ್ದಾರೆ?”

ಅವಳ ಹಿಡಿತ ಉಡದ ಹಿಡಿತವಾಗಿತ್ತು. ಬಿಡಿಸಿಕೊಳ್ಳುವ ಬಲ ಚಿಕ್ಕಮ್ಮನಿಗೆ ಇತ್ತು. ಆದರೆ ಆ ಕೊನೆಯ ಮಾತಿಗೆ ಮನಸ್ಸು ಒಂದು ಗಳಿಗೆ ಸೋತಿತು. ಆ ಒಂದು ಗಳಿಗೆಯೇ ಸಾಕಾಯಿತು. ಕಂಪ್ಯೂಟರಿನ ಪರದೆ ಬೆಳ್ಳಗಾಯಿತು. ಕನ್ನಡಿ, ಬೆಂಚು, ಗೂಬೆ ಎಲ್ಲ ಹೋಗಿ, ‘ಮತ್ತೆ ಲಾಗಿನ್ ಆಗಿ’ ಎಂಬ ಒಂದು ಸಾಲು ಉಳಿಯಿತು. ತಂಗಿ ಪಾಸ್‌ವರ್ಡ್ ಹಾಕಿದಳು. ತಪ್ಪು ಅಂದಿತು. ಮತ್ತೆ ಹಾಕಿದಳು. ತಪ್ಪು. ಪಾಸ್‌ವರ್ಡು ಅವಳನ್ನು ಬಿಟ್ಟರೆ ಅಣ್ಣನೊಬ್ಬನಿಗೇ ಗೊತ್ತಿದ್ದದ್ದು.

ಬಾಗಿಲ ಪರದೆಯ ಆಚೆ ಈಗ ಮಾತಿನ ಸದ್ದೇ ಇರಲಿಲ್ಲ.

ಇಬ್ಬರ ಫೋನೂ ಒಟ್ಟಿಗೆ ಗುರ್ ಅಂದವು. ಅಂಗಡಿಯ ಪೇಜಿನಲ್ಲಿ ಹೊಸ ಪೋಸ್ಟು ಬಂದಿತ್ತು. ಚಿತ್ರವಿಲ್ಲ, ಬರೀ ಅಕ್ಷರ.

‘ಮೇಷ್ಟ್ರ ಫೋಟೋ ಹಾಕಿದವಳು ನಾನು, ಅಂಗಡಿಯವರ ತಂಗಿ. ಅವತ್ತು ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಲೆನ್ಸಿನ ನಂಬರು ತಪ್ಪು ಹಾಕಿಬಿಟ್ಟಿದ್ದೆ. ಫೋಟೋ ತೆಗೆದ ಮೇಲೆ ಹೊಸ ಕನ್ನಡಕ ವಾಪಸು ಇಸಿದುಕೊಂಡು, ಹಳೆಯದರಲ್ಲೇ ಅವರನ್ನು ಕಳಿಸಿದೆ. ಅಣ್ಣನಿಗೆ ಹೇಳಲಿಲ್ಲ. ಆ ಕನ್ನಡಕ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮೇಷ್ಟ್ರ ಸಾವಿಗೆ ನಾನೇ ಕಾರಣ. ಕ್ಷಮಿಸಿ.’

“ಇದು ನಾನು ಬರೆದಿಲ್ಲ,” ಅಂದಳು ತಂಗಿ. ಓದಿದ್ದನ್ನೇ ಮತ್ತೆ ಓದಿದಳು. “ನಾನು ಬರೆದಿಲ್ಲ ಚಿಕ್ಕಮ್ಮ. ಅಣ್ಣ ಹೀಗೆ ಬರೆಯಲ್ಲ.”

ಮರುಕ್ಷಣ ಬಗ್ಗಿ ಡ್ರಾಯರ್ ಎಳೆದಳು. ಬಿಲ್ಲು ಪುಸ್ತಕ, ಕತ್ತರಿ, ಲೆನ್ಸು ಒರೆಸುವ ಬಟ್ಟೆಗಳ ಮೇಲೆ ಒಂದು ಹೊಸ ಕನ್ನಡಕ ಮಡಿಕೆ ಬಿಚ್ಚಿಕೊಂಡು ಮಲಗಿತ್ತು. ಫೋಟೋದಲ್ಲಿ ಮೇಷ್ಟ್ರ ಮೂಗಿನ ಮೇಲಿದ್ದದ್ದೇ.

ಮುಟ್ಟಬೇಡ ಅಂತ ಚಿಕ್ಕಮ್ಮ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅದನ್ನು ಕೈಗೆತ್ತಿಕೊಂಡಾಗಿತ್ತು.

ಪರದೆ ಸರಿಯಿತು. ಅಣ್ಣ ಬಾಗಿಲಲ್ಲಿ ಫೋನನ್ನು ಮುಖದೆತ್ತರಕ್ಕೆ ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದೆ ಅಳಿಯ ಟೀ ಕುಡಿಯುತ್ತಿದ್ದ. ಚಿಕ್ಕಮ್ಮನ ಕೈಯಲ್ಲಿದ್ದ ಫೋನು ಮತ್ತೊಮ್ಮೆ ನಡುಗಿತು: ಅಂಗಡಿಯ ಪೇಜು ಲೈವ್ ಬಂದಿದೆ ಅಂತ ಅದು ತಿಳಿಸುತ್ತಿತ್ತು. ಅದರಲ್ಲಿ ಊರಿಗೆ ಊರೇ ನೋಡುವ ಹಾಗೆ, ತೆರೆದ ಡ್ರಾಯರಿನ ಮುಂದೆ, ಸತ್ತವರ ಕನ್ನಡಕ ಹಿಡಿದ ತಂಗಿ ನಿಂತಿದ್ದಳು.

“ಅಣ್ಣಾ,” ಅಂದಳು ಅವಳು.

“ನೋಡಿ, ನನ್ನ ಒಡಹುಟ್ಟಿದವಳು,” ಅಂತ ಅವನು ಅಳುವ ದನಿಯಲ್ಲಿ ಫೋನಿಗೆ ಹೇಳುತ್ತಿದ್ದ. “ನಾನೂ ಈಗಲೇ ನೋಡ್ತಾ ಇರೋದು.”